ಗುರುವಾರ ಬಾರದ ಮೇರಿ

ಸ್ನೇಹಲ ಮೇಡಂ ಬಗ್ಗೆ ಬರೆಯಬೇಕೆಂದರೆ ನನ್ನ ಅವಮಾನದಿಂದಲೇ ಶುರು ಮಾಡಬೇಕು. ಹುಮನಾಬಾದಿನ ಒಂದು ಕಾಲೇಜಿನಲ್ಲಿ ಅವರು ಇಂಗ್ಲಿಷಿನ ಅತಿಥಿ ಉಪನ್ಯಾಸಕಿ, ನಾನು ಕನ್ನಡದ ಅತಿಥಿ ಉಪನ್ಯಾಸಕ, ಹೆಸರು ವೀರಭದ್ರ. ಹದಿನಾಲ್ಕು ವರ್ಷಗಳಿಂದ ಇಬ್ಬರೂ ಅತಿಥಿಗಳೇ. ಇಷ್ಟು ವರ್ಷ ಯಾರದಾದರೂ ಮನೆಯಲ್ಲಿ ಅತಿಥಿಗಳಾಗಿ ಕೂತಿದ್ದರೆ ಅವರು ಪೊಲೀಸರನ್ನು ಕರೆಸುತ್ತಿದ್ದರು. ವಾರದಲ್ಲಿ ಮೂರು ದಿನ ಹುಮನಾಬಾದ್, ಮೂರು ದಿನ ಬಸವಕಲ್ಯಾಣದ ಇನ್ನೊಂದು ಕಾಲೇಜು. ಬಸವಕಲ್ಯಾಣದ ದಿನಗಳಲ್ಲಿ ಬೆಳಗಿನ ಬಸ್ಸಿಗೆ ಇಬ್ಬರೂ ಒಟ್ಟಿಗೆ ಹೋಗುತ್ತೇವೆ.

ಕಳೆದ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಬಸ್ಸು ಇನ್ನೂ ಊರು ದಾಟಿರಲಿಲ್ಲ, ಮೇಡಂ ನನ್ನ ತೊಡೆಯ ಮೇಲೆ ಒಂದು ಹಾಳೆ ಇಟ್ಟರು.

"ಸರ್, ಇದನ್ನ ಓದಿ ಕೆಳಗಿನ ನಾಕ್ ಪ್ರಶ್ನಿಗೆ ಟಿಕ್ ಹಾಕ್ರಿ. ಎಂಟ್ ಮಿನಿಟ್ ಟೈಮ್ ಅದ."

"ಇದ್ಯಾತಕ್ಕರಿ ಮೇಡಂ?"

"ಚೀನಾದ ಹುಡುಗರ ಸಲುವಾಗಿ."

ಕಥೆ ಇಷ್ಟು. ಚೀನಾದಲ್ಲಿ ಮೂರು ವರ್ಷದ ಡಿಪ್ಲೊಮಾ ಮುಗಿಸಿದ ಹುಡುಗರು ಡಿಗ್ರಿ ಕಾಲೇಜಿಗೆ ಸೇರಬೇಕಾದರೆ ಒಂದು ಪರೀಕ್ಷೆ ಬರೆಯಬೇಕಂತೆ. ಅದರಲ್ಲಿ ಇಂಗ್ಲಿಷ್ ಇರುತ್ತದೆ, ಇಂಗ್ಲಿಷಿನಲ್ಲಿ ಓದಿ ಅರ್ಥ ಮಾಡಿಕೊಳ್ಳುವ ಗದ್ಯಭಾಗಗಳಿರುತ್ತವೆ. ಅವರ ಅಭ್ಯಾಸಕ್ಕೆಂದು ಪುಣೆಯ ಒಂದು ಕಂಪನಿ ಪುಸ್ತಕ ಮಾಡುತ್ತಿದೆ, ಅದಕ್ಕೆ ಸಣ್ಣ ಸಣ್ಣ ಗದ್ಯ ಬರೆದುಕೊಡುವ ಕೆಲಸ ಸ್ನೇಹಲ ಮೇಡಂಗೆ ಸಿಕ್ಕಿದೆ. ಬರೆದದ್ದನ್ನು ಕಳಿಸುವ ಮೊದಲು ಯಾರ ಮೇಲಾದರೂ ಪ್ರಯೋಗ ಮಾಡಿ ನೋಡಬೇಕು.

"ಅದಕ್ಕ ನಾನೇ ಯಾಕ್ರಿ? ಇಂಗ್ಲಿಷ್ ಎಂ.ಎ. ಮಾಡಿದವ್ರು ಊರ ತುಂಬ ಅದಾರ."

"ಅವ್ರಿಗೆ ಇಂಗ್ಲಿಷ್ ಬರ್ತದರಿ. ಈ ಹುಡುಗರ ಇಂಗ್ಲಿಷ್ ನಿಮ್ಮಷ್ಟೇ ಇರ್ತದ."

ಬೇರೆಯವರಾಗಿದ್ದರೆ ನಾನು ಸೀಟು ಬದಲಿಸುತ್ತಿದ್ದೆ. ಆದರೆ ಮೇಡಂ ಇದನ್ನು ಹೇಳಿದ್ದು ಡಾಕ್ಟರು ರಕ್ತದ ಗುಂಪು ಹೇಳುವ ಹಾಗೆ, ಒಂದಿಷ್ಟೂ ಕುಹಕವಿಲ್ಲದೆ. ಅಂದಿನಿಂದ ರಾಜೇಶ್ವರ ದಾಟಿ ಬಂಗ್ಲಾ ಕ್ರಾಸ್ ಬರುವಷ್ಟರಲ್ಲಿ ಒಂದು ಕರಡು, ವಾಪಸ್ ಬರುವಾಗ ಅದನ್ನೇ ತಿದ್ದಿದ ಇನ್ನೊಂದು ಕರಡು ಎಂದು ನನ್ನ ಹಣೆಬರಹವಾಯಿತು. ಮಗ್ಗುಲಲ್ಲಿ ಹಾಲಿನ ಕ್ಯಾನು, ಕಾಲಡಿ ಯಾರದೋ ಕೋಳಿ, ತೊಡೆಯ ಮೇಲೆ ಚೀನಾ.

ಮೇಡಂಗೆ ಮೂವತ್ತೆಂಟು ವಯಸ್ಸು. ದುಬಲಗುಂಡಿಯವರು, ನನ್ನ ಊರೂ ಅದೇ. ನಾವು ಊರ ನಡುವಿನ ಮನೆಯವರು, ಅವರು ಬುದ್ಧವಿಹಾರದ ಕಡೆಯ ಓಣಿಯವರು. ನಾನು ಈಗ ಅವ್ವನ ಜೊತೆ ಹುಮನಾಬಾದಿನಲ್ಲಿದ್ದೇನೆ, ಅವರು ದಿನಾ ಊರಿನಿಂದಲೇ ಬಸ್ಸಿಗೆ ಬರುತ್ತಾರೆ. ಜಡೆಗೆ ಕೆಂಪು ಪೆನ್ನು ಸಿಗಿಸಿಕೊಂಡಿರುತ್ತಾರೆ. ಬೇಕರಿಯ ಬೋರ್ಡು, ಬಸ್ಸಿನ ಹಿಂದಿನ ಬರಹ, ಲಗ್ನಪತ್ರಿಕೆ, ಯಾವುದರಲ್ಲಿ ಇಂಗ್ಲಿಷ್ ಕಂಡರೂ ಕೈ ಜಡೆಗೆ ಹೋಗುತ್ತದೆ. ಮೆಣಸಿನಕಾಯಿ ಭಜಿಯನ್ನು ತೊಟ್ಟು ಸಮೇತ ತಿನ್ನುತ್ತಾರೆ. ವಿದ್ಯಾರ್ಥಿಗಳಿಗೆ ಹೊಡೆದದ್ದಿಲ್ಲ, ಬೈದದ್ದೂ ಕಡಿಮೆ. "ಇನ್ನೊಮ್ಮೆ ಓದು" ಎನ್ನುತ್ತಾರೆ ಅಷ್ಟೇ. ಏಳನೆಯ ಸಲ "ಇನ್ನೊಮ್ಮೆ ಓದು" ಎಂದಾಗ ಹುಡುಗರಿಗೆ ಏಟೇ ವಾಸಿಯೆನಿಸುತ್ತದೆ.

ಪ್ರತಿ ವರ್ಷ ಜೂನ್ ತಿಂಗಳಲ್ಲಿ ಅತಿಥಿಗಳ ಪಟ್ಟಿ ಬರುತ್ತದೆ, ಅದರಲ್ಲಿ ನಮ್ಮ ಹೆಸರು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಈ ಪುಸ್ತಕದಲ್ಲಿ ಮಾತ್ರ ಪ್ರತಿ ಗದ್ಯದ ಕೆಳಗೆ ಬರೆದವರ ಹೆಸರು ಅಚ್ಚಾಗುತ್ತದಂತೆ. ಮೇಡಂ ಅವರ ತಾಯಿ ಅಂಬುಬಾಯಿಗೆ ಓದು ಬಾರದು, ಆದರೆ ಮಗಳ ಹೆಸರನ್ನು ಇಂಗ್ಲಿಷಿನಲ್ಲೂ ಗುರುತಿಸುತ್ತಾಳೆ. ಅಚ್ಚಾದ ಪುಸ್ತಕವನ್ನು ಅವ್ವನ ಮುಂದೆ ಇಡಬೇಕು ಎಂಬುದು ಮೇಡಂ ಬಾಯಿಬಿಟ್ಟು ಹೇಳಿದ ಒಂದೇ ಆಸೆ. ಆದರೆ ಕಂಪನಿಯದು ಒಂದು ಕಾಯ್ದೆಯಿತ್ತು. ಮೂರು ಗದ್ಯ ತಿರಸ್ಕೃತವಾದರೆ ಬರೆಯುವವರನ್ನು ಕೈಬಿಟ್ಟು, ಹಿಂದಿನವುಗಳನ್ನೂ ಪುಸ್ತಕದಿಂದ ತೆಗೆಯುತ್ತಾರೆ.

ಡಿಸೆಂಬರ್ ಬರುವಷ್ಟರಲ್ಲಿ ಎರಡು ಹೋಗಿದ್ದವು. ತಿರಸ್ಕರಿಸಿದವರು ಪುಣೆಯ ಅರ್ಷಿಯಾ ಎಂಬವರು. ನಾವು ಅವರ ಮುಖ ನೋಡಿಲ್ಲ, ಕಂಪ್ಯೂಟರಿನ ಅಂಚಿನಲ್ಲಿ ಅವರ ಟಿಪ್ಪಣಿಗಳನ್ನಷ್ಟೇ ನೋಡಿದ್ದೇವೆ.

ಮೊದಲನೆಯದು ಹುಮನಾಬಾದ್ ಬಸ್ ನಿಲ್ದಾಣದ ಬಗ್ಗೆ. ಬಸ್ಸು ಬರುತ್ತದೆ, ಒಬ್ಬ ಮನುಷ್ಯ ಕಿಟಕಿಯೊಳಗೆ ಟವೆಲ್ ಎಸೆದು ನಿಶ್ಚಿಂತೆಯಿಂದ ಚಹಾ ಕುಡಿಯಲು ಹೋಗುತ್ತಾನೆ. ಪ್ರಶ್ನೆ, ಅವನಿಗೇಕೆ ನಿಶ್ಚಿಂತೆ? ಸೀಟು ಸಿಕ್ಕಿತಲ್ಲ, ಅದಕ್ಕೆ! ಅರ್ಷಿಯಾ ಅವರ ಟಿಪ್ಪಣಿ: "ಟವೆಲ್ ಎಸೆದರೆ ಸೀಟು ಸಿಗುತ್ತದೆ ಎಂದು ಗದ್ಯದಲ್ಲಿ ಎಲ್ಲಿಯೂ ಇಲ್ಲ. ಅವನು ಟವೆಲ್ ಕಳೆದುಕೊಂಡ ಎಂದು ವಿದ್ಯಾರ್ಥಿಗಳು ತಿಳಿಯುತ್ತಾರೆ."

ಎರಡನೆಯದು ಲಗ್ನದ ಊಟದ ಬಗ್ಗೆ. ಬೀಗರು ಮೂರು ಸಲ ಸಾಕು ಸಾಕು ಎನ್ನುತ್ತಾರೆ, ಬಡಿಸುವವನು ಇನ್ನೊಂದು ಹೋಳಿಗೆ ಹಾಕುತ್ತಾನೆ. ಬೀಗರಿಗೆ ಏನು ಬೇಕಾಗಿತ್ತು? ಮೇಡಂ ಉತ್ತರ, ಹೋಳಿಗೆ. ಅರ್ಷಿಯಾ ಅವರ ಉತ್ತರ, ಬೇಡ ಎಂದಮೇಲೆ ಬೇಡ.

ನಾನು ಎರಡಕ್ಕೂ ಸರಿಯಾದ ಟಿಕ್ ಹಾಕಿದ್ದೆ. ಇದೇ ಮೇಡಂ ಅವರ ರೋಗ ಎಂದು ನನಗೆ ಆಗಲೇ ಗೊತ್ತಾಗಿತ್ತು. ನಮ್ಮ ಕಡೆಯವರಿಗೆಲ್ಲ ಗೊತ್ತಿರುವುದನ್ನು ಅವರು ಬರೆಯುವುದೇ ಇಲ್ಲ, ಬರೆದರೆ ಓದುವವರಿಗೆ ಅವಮಾನ ಎಂದು ತಿಳಿಯುತ್ತಾರೆ. "ಜರಾ ಬಿಡಿಸಿ ಬರೀರಿ ಮೇಡಂ, ಅವ್ರು ಚೀನಾದವ್ರು" ಎಂದು ಬಸ್ಸಿನಲ್ಲಿ ಬಾಯಿ ನೋಯುವಷ್ಟು ಹೇಳಿದೆ. ಅವರು ಹೂಂಗುಟ್ಟಿ ಭಜಿ ತಿಂದರು.

ಮೂರನೆಯ ಗಂಡಾಂತರ ಜನವರಿಯಲ್ಲಿ ಬಂತು. ಗದ್ಯ ಹೀಗಿತ್ತು. ಆನ್ ಎಂಬ ಹೆಂಗಸಿಗೆ ಎರಡು ಎಕರೆ ಹೊಲ, ಮೇರಿ ಎಂಬವಳ ಮನೆಗೆ ಇಪ್ಪತ್ತು ಎಕರೆ. ಮೇರಿಯ ಹೊಲದಲ್ಲಿ ಕಡಲೆ ಒಣಗಿ ನಿಂತಿದೆ, ಮೋಡ ಕವಿದಿದೆ, ಆಳು ಸಿಗುತ್ತಿಲ್ಲ. ಮೇರಿ ತಾನೇ ಆನ್‌ಳ ಬಾಗಿಲಿಗೆ ಬಂದು ಕರೆಯುತ್ತಾಳೆ. ಆನ್ ತನ್ನ ಪುಟ್ಟ ಮಗಳನ್ನು ಕರೆದುಕೊಂಡು ಹೋಗಿ ಇಡೀ ದಿನ ಕಡಲೆ ಗಿಡ ಕೀಳುತ್ತಾಳೆ, ಗಿಡದ ಹುಳಿಗೆ ಬೆರಳೆಲ್ಲ ಉರಿಯುತ್ತವೆ. ಸಂಜೆ ಮೇರಿಯ ಮಾವ ಕೂಲಿ ಕೊಡಲು ಬಂದರೆ ಆನ್ ಕೈ ಚಾಚುವುದಿಲ್ಲ. ಅವನು ಹಣವನ್ನು ಕಟ್ಟೆಯ ಮೇಲಿಡುತ್ತಾನೆ, ಅವಳು ಅದನ್ನು ಅಲ್ಲೇ ಬಿಟ್ಟು ಮನೆಗೆ ನಡೆಯುತ್ತಾಳೆ. ದಾರಿಯಲ್ಲಿ ಮಗಳಿಗೆ ಹೇಳುತ್ತಾಳೆ, ಗುರುವಾರ ಎರಡು ರೊಟ್ಟಿ ಹೆಚ್ಚಿಗೆ ಮಾಡಬೇಕು. ಅಲ್ಲಿಗೆ ಗದ್ಯ ಮುಗಿಯಿತು.

ಪ್ರಶ್ನೆ: ಆನ್ ಕೂಲಿಯನ್ನು ಯಾಕೆ ತೆಗೆದುಕೊಳ್ಳಲಿಲ್ಲ? ಎ, ಅವಳು ದಯಾಳು. ಬಿ, ಅವಳಿಗೆ ಮಾವನ ಭಯ. ಸಿ, ಮೇರಿ ಅವಳ ಹೊಲಕ್ಕೆ ಬಂದು ದುಡಿಯುವವಳಿದ್ದಳು. ಡಿ, ಕೂಲಿ ಕಡಿಮೆಯಿತ್ತು.

ನಾನು ಎ ಎಂದು ಟಿಕ್ ಹಾಕಿದೆ. ಎಂಟು ನಿಮಿಷ ಬೇಕಾಗಲಿಲ್ಲ, ಮೂರೇ ಸಾಕಾಯಿತು. ಬಡವಳು, ಆದರೆ ದೊಡ್ಡ ಮನಸ್ಸು. ಕಣ್ಣು ಕೂಡ ಒಂದಿಷ್ಟು ಒದ್ದೆಯಾಯಿತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಮೇಡಂ ಹಾಳೆ ನೋಡಿದರು, ನನ್ನನ್ನು ನೋಡಿದರು.

"ಮುಯ್ಯಿ ಸರ್. ಮುಯ್ಯಾಳು ಗೊತ್ತಿಲ್ಲೇನ್ರಿ ನಿಮಗ?"

ಗೊತ್ತಿರದೆ ಏನು? ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಕೂಲಿ ಇಲ್ಲ, ದಿನಕ್ಕೆ ದಿನ. ನಮ್ಮ ಕಡೆ ಇಂದಿಗೂ ಇದೆ. ಆದರೆ ಅದು ಸರಿಸಮಾನರ ನಡುವೆ ನಡೆಯುವ ವ್ಯವಹಾರ. ಇಪ್ಪತ್ತು ಎಕರೆಯವಳು ಎರಡು ಎಕರೆಯವಳ ಹೊಲಕ್ಕೆ ಹೋಗುವುದುಂಟೇ? ಹಾಗೆಂದು ಹೇಳಿಯೂ ಹೇಳಿದೆ. ಮೇಡಂ ಹಾಳೆ ಮಡಚಿದರು.

ಅರ್ಷಿಯಾ ಅವರ ಟಿಪ್ಪಣಿ ನಿರೀಕ್ಷಿಸಿದ್ದೇ. "ಸರಿಯುತ್ತರ ಗದ್ಯದಲ್ಲಿ ಇಲ್ಲ. ಕೊನೆಗೆ ಒಂದು ವಾಕ್ಯ ಸೇರಿಸಿ: ಗುರುವಾರ ಮೇರಿ ಬಂದು ಆನ್‌ಳ ಹೊಲದಲ್ಲಿ ದುಡಿದಳು." ಇಷ್ಟೇ. ಒಂದು ವಾಕ್ಯ. ಮೇಡಂ ಈ ಮೊದಲು ಅರ್ಷಿಯಾ ಹೇಳಿದರೆಂದು ಎತ್ತನ್ನು ಟ್ರ್ಯಾಕ್ಟರ್ ಮಾಡಿದ್ದರು, ಜಾತ್ರೆಯನ್ನು ಮ್ಯೂಸಿಯಂ ಮಾಡಿದ್ದರು, ಒಬ್ಬ ಪೂಜಾರಿಯನ್ನು ರಾತ್ರೋರಾತ್ರಿ ಗ್ರಂಥಪಾಲಕನನ್ನಾಗಿ ಮಾಡಿದ್ದರು. ಆಗೆಲ್ಲ ಹುಬ್ಬು ಕೂಡ ಏರಿಸಿರಲಿಲ್ಲ. ಈ ಒಂದು ವಾಕ್ಯಕ್ಕೆ ಆಗುವುದಿಲ್ಲ ಎಂದು ಕೂತರು.

ನನ್ನ ತಲೆ ಕೆಟ್ಟಿತು. "ಮೇಡಂ, ಹನ್ನೆರಡು ಗದ್ಯ ಪಾಸಾಗ್ಯಾವ. ಒಂದು ಸಾಲಿನ ಸಲುವಾಗಿ ಎಲ್ಲಾ ನೀರಾಗ ಹಾಕ್ತೀರೇನ್ರಿ?"

"ಬರ್ಯಾಕ ಬರಂಗಿಲ್ಲರಿ ಸರ್."

"ಬರಂಗಿಲ್ಲ ಅಂದ್ರ? ನೀವು ಇಂಗ್ಲಿಷ್ ಎಂ.ಎ.! ನಾ ಬರ್ದು ಕೊಡ್ಲೇನು?"

"ಬ್ಯಾಡ್ರಿ."

ಮೂರು ವಾರ ಹೀಗೇ ನಡೆಯಿತು. ಅರ್ಷಿಯಾ ಕೂಡ ಸಹನೆಯ ಹೆಂಗಸೇ ಇರಬೇಕು. ತಿರಸ್ಕರಿಸುವ ಬದಲು ಚೀನಾದ ಇಪ್ಪತ್ತೆರಡು ವಿದ್ಯಾರ್ಥಿಗಳಿಗೆ ಆ ಗದ್ಯವನ್ನು ಪ್ರಾಯೋಗಿಕವಾಗಿ ಕೊಟ್ಟರು, ನಿಮಗೇ ಗೊತ್ತಾಗಲಿ ಎಂದು. ಫೆಬ್ರವರಿಯ ಎರಡನೆಯ ವಾರ, ಬಸವಕಲ್ಯಾಣದಿಂದ ವಾಪಸ್ ಬರುವ ಬಸ್ಸಿನಲ್ಲಿ, ಮೇಡಂ ಮೊಬೈಲ್ ತೆಗೆದು ಫಲಿತಾಂಶ ತೋರಿಸಿದರು. ಇಪ್ಪತ್ತೆರಡರಲ್ಲಿ ಹದಿನೇಳು ಜನ ಸಿ. ನನ್ನ ಹಾಗೆ ಎ ಎಂದವರು ಮೂವರು.

ಕೆಳಗೆ ಒಬ್ಬ ಹುಡುಗಿ ಬರೆದಿದ್ದಳು: "ನನ್ನ ಅಜ್ಜಿಯ ಹಳ್ಳಿಯಲ್ಲೂ ಜೋಳದ ಸುಗ್ಗಿಯಲ್ಲಿ ಹೀಗೆಯೇ ಮಾಡುತ್ತಾರೆ. ಆದರೆ ಈ ಕಥೆ ಗುರುವಾರದವರೆಗೆ ಯಾಕೆ ಹೋಗುವುದಿಲ್ಲ? ಮೇರಿ ಬಂದಳೇ?"

ಅದರ ಕೆಳಗೆ ಅರ್ಷಿಯಾ: "ನೋಡಿದಿರಾ? ಅವರೂ ಕೇಳುತ್ತಿದ್ದಾರೆ. ಸೋಮವಾರದೊಳಗೆ ಆ ವಾಕ್ಯ ಸೇರಿಸಿ ಕಳಿಸಿ. ಇಲ್ಲವಾದರೆ ನನ್ನ ಕೈಯಲ್ಲಿ ಏನೂ ಇಲ್ಲ."

"ಈಗಾದ್ರೂ ಬರೀರಿ ಮೇಡಂ!" ಎಂದು ನಾನು ಕೂಗಿದ್ದಕ್ಕೆ ಮುಂದಿನ ಸೀಟಿನವರು ತಿರುಗಿದರು.

"ಬರ್ಲಿಲ್ಲರಿ ಸರ್ ಆಕಿ. ಬರ್ಲಾರದಾಕಿನ್ನ ಬಂದ್ಲು ಅಂತ ಹ್ಯಾಂಗ ಬರೀಲಿ?"

"ಯಾರು?"

"ಮೇರಿ."

"ಮೇರಿ ಅನ್ನಾಕಿ ಇಲ್ಲೇ ಇಲ್ಲಲ್ರಿ! ನೀವೇ ಹುಟ್ಟಿಸಿದ್ದು!"

ಮೇಡಂ ಮೊಬೈಲನ್ನು ಚೀಲದಲ್ಲಿಟ್ಟು ಚೈನ್ ಎಳೆದರು. "ನಿಮ್ಮವ್ವರಿ ಸರ್," ಎಂದರು. "ಮೀರಾಬಾಯಿ ಅಂತ ಬರ್ದಿದ್ದೆ. ಉದ್ದ ಹೆಸರು ಅರ್ಷಿಯಾ ಮೇಡಂಗೆ ಬ್ಯಾಡ ಅಂತ, ನಿಮಗ ಕೊಡೂ ಮೊದ್ಲೇ ಮೇರಿ ಮಾಡ್ದೆ. ಅಂಬುಬಾಯಿ ಆನ್ ಆಗ್ಯಾಳ. ಪುಟ್ಟ ಮಗಳು ನಾನು. ಏಳನೇ ಕ್ಲಾಸ್ ಇದ್ದೆ."

ಬಸ್ಸು ರಾಜೇಶ್ವರದಲ್ಲಿ ನಿಂತಿತು, ಜನ ಇಳಿದರು, ಹತ್ತಿದರು. ಮೇಡಂ ತಾವಾಗಿಯೇ ಮುಂದುವರಿಸಿದರು, ಕಿಟಕಿಯ ಕಡೆ ನೋಡುತ್ತ. ಅದಕ್ಕೂ ಮೊದಲು ಅವರವ್ವನನ್ನು ಊರಲ್ಲಿ ಎಲ್ಲರೂ ಕೂಲಿಗೆ ಕರೆದವರೇ, ಮುಯ್ಯಿಗೆಂದು ಕರೆದವರು ಓಣಿಯ ಹೊರಗೆ ಯಾರೂ ಇರಲಿಲ್ಲ. ನನ್ನ ತಾಯಿ ಬಾಗಿಲಿಗೆ ಬಂದು "ಕೂಲಿ ಅಲ್ಲ ಅಂಬು, ಮುಯ್ಯಿ. ನಿನ್ನ ಕಡ್ಲಿಗಿ ನಾ ಬರ್ತೀನಿ" ಎಂದಳಂತೆ. ಅಂಬುಬಾಯಿ ಅಂದು ಹೊಸ ಸೀರೆ ಉಟ್ಟು ಕಡಲೆ ಕೀಳಲು ಹೋದಳಂತೆ. ಗುರುವಾರ ನನ್ನ ತಾಯಿ ಬರಲಿಲ್ಲ. ಮಧ್ಯಾಹ್ನ ನಮ್ಮ ಮನೆಯ ಆಳೊಬ್ಬ ಬಂದ, ಅವನನ್ನು ಅಂಬುಬಾಯಿ ಬದುವಿನಿಂದಲೇ ತಿರುಗಿಸಿ ಕಳಿಸಿದಳು. ಹೆಚ್ಚಿಗೆ ಮಾಡಿದ ಎರಡು ರೊಟ್ಟಿಯನ್ನು ಆಡಿಗೆ ಹಾಕಿದಳು. ಆ ಮಾತು ಮನೆಯಲ್ಲಿ ಮತ್ತೆ ಬರಲಿಲ್ಲ.

"ಮತ್ತ ನನಗ ಯಾಕ ಕೊಟ್ರಿ ಓದಾಕ?" ಎಂದೆ. ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ತಿಳಿಯಲಿಲ್ಲ.

"ನಿಮಗ ಗೊತ್ತದ ಏನೋ ಅಂತ ನೋಡಾಕ. ನೀವು ಎ ಹಾಕಿದ್ರಿ."

ನಾನು ಬಸವಕಲ್ಯಾಣದಲ್ಲಿ ವಾರಕ್ಕೆ ಮೂರು ದಿನ ಶರಣರ ಕಾಯಕದ ಬಗ್ಗೆ, ಮೇಲು ಕೀಳು ಇಲ್ಲದ ಬಾಳಿನ ಬಗ್ಗೆ ಗಂಟಲು ಕಟ್ಟುವಂತೆ ಪಾಠ ಮಾಡುವವನು. ಚೀನಾದ ಹದಿನೇಳು ಹುಡುಗರಿಗೆ ತಿಳಿದದ್ದು ನನಗೆ ತಿಳಿಯಲಿಲ್ಲ. ಅಷ್ಟು ನಾಚಿಕೆ ನನಗೆ ಪಿಯುಸಿ ಫೇಲಾದಾಗಲೂ ಆಗಿರಲಿಲ್ಲ.

ಮನೆಗೆ ಹೋದಾಗ ಅವ್ವ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ಅವಳಿಗೆ ಅರವತ್ತೇಳು, ಎರಡೂ ಮೊಣಕಾಲು ಹೋಗಿವೆ. ಚಪ್ಪಲಿ ಕೂಡ ಬಿಡದೆ ಅಂಬುಬಾಯಿಯ ಮುಯ್ಯಿಯ ಬಗ್ಗೆ ಕೇಳಿದೆ. ಅವ್ವ ಮೊರ ಕೆಳಗಿಟ್ಟಳು.

"ಯಾರಂದ್ರು?"

"ಚೀನಾದಾಗ ಕೇಳಾಕತ್ತಾರವ್ವ. ನೀ ಯಾಕ ಹೋಗ್ಲಿಲ್ಲ ಅಂತ."

ಅವ್ವ ನನ್ನ ಹಣೆ ಮುಟ್ಟಿ ನೋಡಿದಳು, ಜ್ವರವೇನೋ ಎಂದು. ಆಮೇಲೆ ತೊಗರಿಯಲ್ಲಿ ಬೆರಳಾಡಿಸಿದಳು.

"ಕುಡಗೋಲು ಹಿಡ್ಕೊಂಡು ಹೊಂಟಿದ್ದೆಪ್ಪಾ. ನಿಮ್ಮಜ್ಜಿ ಬಾಗಲಾಗ ನಿಂತ್ಲು. ಅವ್ರ ಹೊಲದಾಗ ಬಗ್ಗಿ, ಅವ್ರ ಕೈಯಾನ ರೊಟ್ಟಿ ತಿಂದು ಬಂದ್ರ ನನ್ನ ಅಡಗಿಮನಿ ಹೊಸ್ತಿಲ ತುಳೀಬ್ಯಾಡ ಅಂದ್ಲು. ನಾ ಒಳಗ ಬಂದೆ."

"ಅಜ್ಜಿ ಸತ್ತು ಹದಿನೆಂಟ್ ವರ್ಷ ಆತು. ಆಮ್ಯಾಲೆ?"

"ಆಮ್ಯಾಲೆ ಯಾವ ಮಾರಿ ತಗೊಂಡು ಹೋಗ್ಲಿ? ಒಂದ್ ವರ್ಷ ತಡ ಆದ್ರ ಹೋಗಬಹುದು. ಹತ್ತ್ ವರ್ಷ ಆದ್ರ ಹ್ಯಾಂಗ ಹೋಗೋದು? ಬಸ್ಸಿನಾಗ ಅಂಬು ಕಂಡ್ರ ನಾ ಮುಂದಿನ ಬಸ್ಸಿಗಿ ಹೋಗ್ತಿದ್ದೆ." ಇಷ್ಟು ಹೇಳಿ ನನ್ನ ಮೇಲೇ ರೇಗಿದಳು. "ಚಪ್ಪಲಿ ಬಿಟ್ಟು ಬಾ ಮೊದಲ. ಕೇರಿದ ಬ್ಯಾಳಿ ಮ್ಯಾಲೆ ಧೂಳು!"

ಅಂಬುಬಾಯಿ ರವಿವಾರ ಕಡಲೆ ಕೀಳುತ್ತಾಳೆಂದು ಮೇಡಂ ಹೇಳಿದ್ದನ್ನು ಅವ್ವನ ಕಿವಿಗೆ ಹಾಕಿದ್ದೆ. ರವಿವಾರ ಬೆಳಿಗ್ಗೆ ಎದ್ದಾಗ ಅವ್ವ ಹಳೆಯ ಇಳಕಲ್ ಸೀರೆ ಉಟ್ಟು, ತಲೆಗೆ ಸೆರಗು ಬಿಗಿದು, ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕುಡುಗೋಲು. "ಆಟೋ ಕರಿ" ಎಂದಳು. ಮೊಣಕಾಲಿನ ಮಾತೆತ್ತಿದೆ. ಬಿಸಿಲಿನ ಮಾತೆತ್ತಿದೆ. ಆಳನ್ನು ಕರೆದುಕೊಂಡು ನಾನೇ ಹೋಗಿ ಬರುತ್ತೇನೆ ಎಂದೂ ಹೇಳಿ ನೋಡಿದೆ. ಅವಳು ನನ್ನನ್ನು ನೋಡಿದ ರೀತಿಗೆ ಬಾಯಿ ಮುಚ್ಚಿ ಆಟೋ ತಂದೆ.

ದುಬಲಗುಂಡಿ ಮುಟ್ಟಿ, ಊರಾಚೆಯ ಹೊಲದ ಹಾದಿ ಹಿಡಿಯುವಷ್ಟರಲ್ಲಿ ಒಂಬತ್ತು ಗಂಟೆ. ಅಂಬುಬಾಯಿ, ಸ್ನೇಹಲ ಮೇಡಂ ಇಬ್ಬರೂ ಕಡಲೆಯಲ್ಲಿ ಬಗ್ಗಿದ್ದರು. ಮೇಡಂ ಜಡೆಯಲ್ಲಿ ಅಂದೂ ಕೆಂಪು ಪೆನ್ನಿತ್ತು. ನಮ್ಮನ್ನು ಕಂಡು ಅವರು ನೆಟ್ಟಗೆ ನಿಂತರು. ಅವ್ವ ನನ್ನ ಹೆಗಲು ಹಿಡಿದು ಬದು ಇಳಿದು ಸಾಲಿನ ತುದಿಗೆ ಹೋಗಿ ನಿಂತಳು.

"ಬಂದೀನಿ ಅಂಬು."

ಅಂಬುಬಾಯಿ ಕೈಯ ಗಿಡಗಳನ್ನು ಕೆಳಗೆ ಹಾಕಲಿಲ್ಲ. ಮೇಲಿಂದ ಕೆಳಗೆ ನೋಡಿದಳು, ಸೀರೆ, ಕುಡುಗೋಲು, ಮೊಣಕಾಲು.

"ಬಿಸಲ ಏರಿದ ಮ್ಯಾಲೆ ಬಂದೀದಿ. ಕಡ್ಲಿ ಇಬ್ಬನಿ ಇದ್ದಾಗ ಕೀಳಬೇಕು, ಇಲ್ಲಾಂದ್ರ ಕಾಯಿ ಉದುರ್ತಾವ. ಅಷ್ಟೂ ತಿಳಿಯಂಗಿಲ್ಲೇನು?" ಎಂದಳು. "ಕುಡಗೋಲ ಯಾಕ ತಂದೀ? ಕೈಲೆ ಕೀಳು."

ಅವ್ವ ಕೈಲೇ ಕಿತ್ತಳು. ಬಗ್ಗಲಾಗದೆ ಕೂತು ಕಿತ್ತಳು, ಕೂತಲ್ಲೇ ಜರುಗಿದಳು. ನಾನು ಪಕ್ಕದ ಸಾಲು ಹಿಡಿದೆ. ಅರ್ಧ ಗಂಟೆಗೆ ಬೆರಳು ಉರಿಯತೊಡಗಿದವು, ಗದ್ಯದಲ್ಲಿ ಓದಿದ ಹುಳಿ ಅದೇ. ಅಂಬುಬಾಯಿ ಹಿಂದಿನಿಂದ ಬಂದು ನಾವಿಬ್ಬರೂ ಬಿಟ್ಟ ಗಿಡಗಳನ್ನು ಕಿತ್ತು ಕಿತ್ತು ತೋರಿಸಿ ಬೈದಳು. ಅವ್ವ ಒಮ್ಮೆಯೂ ಎದುರಾಡಲಿಲ್ಲ. ನಲವತ್ತು ವರ್ಷಗಳಲ್ಲಿ ನಾನು ಅದನ್ನು ಕಂಡದ್ದು ಅದೇ ಮೊದಲ ಸಲ.

ಮಧ್ಯಾಹ್ನ ಬೇವಿನ ನೆರಳಲ್ಲಿ ಬುತ್ತಿ ಬಿಚ್ಚಿದರು. ಇಬ್ಬರ ಊಟ ನಾಲ್ವರಿಗೆ ಹಂಚಬೇಕಿತ್ತು. ಅಂಬುಬಾಯಿ ಎರಡು ರೊಟ್ಟಿ ತೆಗೆದು, ಮೇಲೆ ಪುಂಡಿಪಲ್ಯ ಇಟ್ಟು, ಅವ್ವನ ಕೈಗೆ ಕೊಟ್ಟಳು. ಅವ್ವ ಒಂದನ್ನು ತಿರುಗಿ ಬುತ್ತಿಯಲ್ಲಿಡಲು ಹೋದಳು.

"ಎರಡೂ ತಿನ್ನು," ಎಂದಳು ಅಂಬುಬಾಯಿ. "ಅವು ನಿನ್ನವೇ."

ಅವ್ವ ಎರಡೂ ತಿಂದಳು. ತಿನ್ನುತ್ತ ಅತ್ತಳು. ಖಾರ ಬಹಳ ಆಯ್ತೆಂದು ಸುಳ್ಳು ಹೇಳಿದಳು, ಅಂಬುಬಾಯಿ ನೀರು ಕೊಟ್ಟಳು.

ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಮೇಡಂ ನನಗೆ ಹಾಳೆ ಕೊಡಲಿಲ್ಲ, ಮೊಬೈಲ್ ಕೊಟ್ಟರು. ಹಿಂದಿನ ಸಂಜೆಯೇ ಆ ವಾಕ್ಯ ಸೇರಿಸಿ ಕಳಿಸಿದ್ದರು. ಅದರಡಿ ಅರ್ಷಿಯಾ ಅವರ ಟಿಪ್ಪಣಿ ಬಂದಿತ್ತು: "ಧನ್ಯವಾದ, ಈಗ ಸರಿಯಾಯಿತು. ಒಂದು ಸಣ್ಣ ತಿದ್ದುಪಡಿ. ಮೇರಿ ಇಪ್ಪತ್ತಾರು ವರ್ಷ ತಡವಾಗಿ ಬಂದಳು ಎಂದು ಟೈಪ್ ಆಗಿದೆ. ಇಪ್ಪತ್ತಾರು ನಿಮಿಷ ಎಂದು ಮಾಡಲೇ?"

ಮೇಡಂ ಉತ್ತರ ಬರೆದಾಗಿತ್ತು: "ಬೇಡ. ಅದು ಸರಿಯಾಗಿದೆ."

ಬಸ್ಸು ರಾಜೇಶ್ವರ ದಾಟಿತು. ಬಂಗ್ಲಾ ಬರುವ ಹೊತ್ತಿಗೆ ಮೊಬೈಲ್ ಸದ್ದಾಯಿತು. ಅರ್ಷಿಯಾ ಒಂದೇ ಶಬ್ದ ಬರೆದಿದ್ದರು, ಸ್ವೀಕೃತ. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಸದ್ದಾಯಿತು: "ಅವಳಿಗೆ ರೊಟ್ಟಿ ಕೊಟ್ಟರೇ?"

ಇದಕ್ಕೆ ಏನು ಬರೆಯಲಿ ಎಂಬಂತೆ ಮೇಡಂ ನನ್ನ ಕಡೆ ನೋಡಿದರು. ನನ್ನ ಬೆರಳುಗಳು ಇನ್ನೂ ಉರಿಯುತ್ತಿದ್ದವು. ಆದರೂ ಮೊಬೈಲ್ ಇಸಿದುಕೊಂಡು, ನನಗೆ ಬರುವಷ್ಟು ಇಂಗ್ಲಿಷಿನಲ್ಲಿ, ಎರಡು ಎಂದು ನಾನೇ ಬರೆದೆ.